ಬೀರುವಿನ ಹಿಂದಿನ ಬಾಗಿಲು

"ಆ ಬಾಗಿಲು ಎಲ್ಲಿಗೆ ಹೋಗುತ್ತೆ?"

ಬಂದವನು ನಮಸ್ಕಾರ ಹೇಳಲಿಲ್ಲ, ಕೂರಲಿಲ್ಲ. ಮೊದಲು ಕೇಳಿದ್ದೇ ಇದನ್ನು.

ಚಿಕ್ಕ ಮೇಡಂ ತಲೆ ಎತ್ತಿ ನೋಡಿದಳು. ಯಾವ ಮಗು ಯಾವ ಕಾಲೇಜಿಗೆ ಸೇರಬೇಕು ಎಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸಲಹೆ ಕೊಡುವ ಪುಟ್ಟ ಕಚೇರಿ ಅದು. ಅದನ್ನು ಕಟ್ಟಿದವರು ದೊಡ್ಡ ಮೇಡಂ. ಹಾಗಾಗಿ ಇವಳು ಎಲ್ಲರ ಬಾಯಲ್ಲೂ ಚಿಕ್ಕ ಮೇಡಂ ಆಗಿಬಿಟ್ಟಿದ್ದಳು.

ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳ ಬೆನ್ನ ಹಿಂದಿನ ಕಬ್ಬಿಣದ ಬೀರುವಿನ ಮೇಲಿತ್ತು. ಬೀರುವಿನ ಮೇಲ್ಗಡೆ, ಗೋಡೆಯಲ್ಲಿ, ಹಳೆಯ ಬಾಗಿಲ ಚೌಕಟ್ಟಿನ ಅಂಚು ಇಣುಕುತ್ತಿತ್ತು. ಇಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತರೂ ಅವಳೇ ಅದನ್ನು ಸರಿಯಾಗಿ ನೋಡಿರಲಿಲ್ಲ.

"ಹಿಂದಿನ ಮೆಟ್ಟಿಲಿಗೆ. ನಾವು ಬಳಸಲ್ಲ."

"ಅಂದ್ರೆ ಈ ಕೋಣೆಗೆ ಒಂದೇ ದಾರಿ."

ಅವನ ದನಿಯಲ್ಲಿ ಬೆದರಿಕೆಯೇನೂ ಇರಲಿಲ್ಲ. ಆದರೂ ಅವಳ ಕತ್ತಿನ ಹಿಂದೆ ತಣ್ಣಗೆ ಏನೋ ಹರಿದಂತಾಯಿತು.

ಅವನ ಹಿಂದೆ ನಿಂತಿದ್ದ ಹುಡುಗಿ ಬ್ಯಾಗಿನಿಂದ ಮುಖ ಮುಚ್ಚಿಕೊಂಡಳು. "ಮಾಮ, ಕೂತ್ಕೋ. ಸೀಟು ಕೇಳೋಕೆ ಬಂದಿರೋದು, ಬೀರು ಕೊಳ್ಳೋಕಲ್ಲ."

ಅವನು ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಆರಿಸಿಕೊಂಡು ಅರ್ಧ ತಿರುಗಿ ಕೂತ. ಆಮೇಲೆ ಮೊದಲ ಬಾರಿಗೆ ಅವಳನ್ನು ನೋಡಿದ. ನಿದ್ದೆಗೆಟ್ಟ ಕಣ್ಣುಗಳು. ಯಾರನ್ನೋ ಕಾಯುತ್ತಾ ಕಾಯುತ್ತಾ ಮುಚ್ಚುವುದನ್ನೇ ಮರೆತಂಥವು.

ಅವಳ ಎದೆ ಒಂದು ಬಡಿತ ತಪ್ಪಿತು. ಅದು ಭಯವೋ, ಇನ್ನೇನೋ... ಅವಳಿಗೇ ತಿಳಿಯಲಿಲ್ಲ.

ಹುಡುಗಿಯನ್ನು ಮನೆಯಲ್ಲಿ ಚೂಟಿ ಅನ್ನುತ್ತಿದ್ದರು. ಮಾತು ಕೇಳಿದರೆ ಯಾಕೆ ಎಂದು ತಿಳಿಯುತ್ತಿತ್ತು. ಅವಳು ಅಂಬೆಗಾಲಿಡುತ್ತಿದ್ದಾಗಲೇ ಅಮ್ಮ ಜ್ವರ ಬಂದು ತೀರಿಕೊಂಡಿದ್ದಳಂತೆ. ಅಪ್ಪ ಬೇರೆ ಸಂಸಾರ ಮಾಡಿಕೊಂಡು ದೂರವಾಗಿದ್ದ. ಬೆಳೆಸಿದ್ದು ಅಜ್ಜಿ ಮತ್ತು ಈ ಸೋದರಮಾವ. ಅವನದು ಸರ್ಕಾರಿ ಕೆಲಸ, ಕಟ್ಟಡಗಳ ತಪಾಸಣೆ. ಮದುವೆಯಾಗಿರಲಿಲ್ಲ. ದೊಡ್ಡ ಮೇಡಂ ಅವತ್ತೇ ಅವನಿಗೆ "ಇನ್ಸ್‌ಪೆಕ್ಟರ್" ಎಂದು ಹೆಸರಿಟ್ಟರು.

ಚೂಟಿಗೆ ಸಮುದ್ರದ ಜೀವಿಗಳ ಬಗ್ಗೆ ಓದಬೇಕಿತ್ತು. ಅದನ್ನು ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು, ಎಲ್ಲವೂ ದೂರ. ಎಲ್ಲಿಗೆ ಹೋದರೂ ಹಾಸ್ಟೆಲ್ ತಪ್ಪಿದ್ದಲ್ಲ. ಮಾವ ಸಹಿ ಹಾಕದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ಅವಳ ಕನಸಿನ ಬೀಗದ ಕೈ ಪೂರ್ತಿ ಆ ನಿದ್ದೆಗೆಟ್ಟ ಕಣ್ಣಿನವನ ಬಳಿ ಇತ್ತು.

*

ಕಚೇರಿಯಲ್ಲಿ ದೊಡ್ಡ ಮೇಡಂ ಎರಡು ಕಟ್ಟಳೆ ಮಾಡಿದ್ದರು. ಮನೆಯವರಿಗೆ ತಿಳಿಯದ ಅರ್ಜಿ ಇಲ್ಲಿಂದ ಹೊರಡಬಾರದು ಎಂಬುದು ಒಂದು. ಇನ್ನೊಂದು ಕುರ್ಚಿ ಬದಲು.

ಕುರ್ಚಿ ಬದಲು ಎಂದರೆ ಇಷ್ಟೇ. ಮಗುವನ್ನು ಹೊರಗೆ ಕಳಿಸಿ, ದೊಡ್ಡವರನ್ನು ಮಗುವಿನ ಕುರ್ಚಿಯಲ್ಲಿ ಕೂರಿಸಿ, ಕಾಲೇಜಿನವರು ಕೇಳುವ ಪ್ರಶ್ನೆಗಳನ್ನೇ ಕೇಳುವುದು. ಅವರು ಮಗುವಾಗಿಯೇ ಉತ್ತರ ಕೊಡಬೇಕು, ನಾನು, ನನಗೆ ಎಂದೇ ಹೇಳಬೇಕು. ಎಷ್ಟೋ ಅಪ್ಪಂದಿರು ಮೂರನೇ ಪ್ರಶ್ನೆಗೆ ಬೆವರುತ್ತಿದ್ದರು. ತಮ್ಮ ಮಗುವಿಗೆ ಏನು ಇಷ್ಟ ಎಂದೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ಇವನು ಬೆವರಲಿಲ್ಲ. ಚೂಟಿಯಾಗಿ ಕೂತು ಸರಾಗವಾಗಿ ಹೇಳುತ್ತಾ ಹೋದ. ಪರೀಕ್ಷೆ ಹತ್ತಿರ ಬಂದರೆ ನಾನು ಉಗುರು ಕಚ್ತೀನಿ. ಲೆಕ್ಕಕ್ಕಿಂತ ಚಿತ್ರ ಬರೆಯೋದು ಇಷ್ಟ, ಆದರೆ ಮಾಮನ ಎದುರಿಗೆ ಲೆಕ್ಕ ಇಷ್ಟ ಅಂತೀನಿ. ಕತ್ತಲೆಗೆ ಹೆದರ್ತೀನಿ, ಯಾರಿಗೂ ಹೇಳಿಲ್ಲ.

ಚಿಕ್ಕ ಮೇಡಂಗೇ ಅರಿವಿಲ್ಲದೆ ಅವಳ ಮುಖದಲ್ಲಿ ನಗು ಮೂಡಿತು. 'ಇಷ್ಟೊಂದು ಪ್ರೀತಿ ಇಟ್ಟುಕೊಂಡವನು ಎಷ್ಟು ಗಂಭೀರವಾಗಿ ಕೂತಿದ್ದಾನೆ ನೋಡು...'

ಕೊನೆಗೆ, ಎಲ್ಲರನ್ನೂ ಕೇಳುವಂತೆ ಕೇಳಿದಳು. "ಇನ್ನು ಐದು ವರ್ಷ ಆದ್ಮೇಲೆ ನೀನು ಎಲ್ಲಿರ್ತೀಯ?"

ಅವನ ಮುಖದ ಬಣ್ಣ ಇಳಿಯಿತು. ಕಿಟಕಿಯಾಚೆ ಎಲ್ಲೋ ಕಬ್ಬಿಣದ ಷಟರ್ ಕೆಳಗೆಳೆದ ಸದ್ದಾಯಿತು.

"ನಾನಿರಲ್ಲ," ಎಂದ.

ಎದ್ದು ಹೊರಟೇ ಹೋದ.

ಇರಲ್ಲ... ಎಂದರೇನು? ಹುಡುಗಿಯನ್ನು ಏನು ಮಾಡಬೇಕೆಂದಿದ್ದಾನೆ ಇವನು?

*

ಆಮೇಲೆ ಶುರುವಾಯಿತು ಅವನ ಬೇಡಗಳ ಸಾಲು. ಮೊದಲ ಕಾಲೇಜು ಬೇಡ ಎಂದ. ಎರಡನೆಯದೂ ಬೇಡ. ಮೂರನೆಯದಕ್ಕೆ ಚೂಟಿಯೇ ಕೈಮುಗಿದು ಕೇಳಿಕೊಂಡಳು. ಅವನು ಒಂದು ವಾರ ಸಮಯ ಕೇಳಿ, ವಾರ ಕಳೆದ ಮೇಲೆ ಬಂದು ಅದೂ ಬೇಡ ಎಂದ. ಕಾರಣ ಕೇಳಿದರೆ ಬಾಯಿಗೆ ಬೀಗ.

ಸಂಜೆ ಅರ್ಜಿ ತುಂಬಲು ಬಂದ ಚೂಟಿ ಕಚೇರಿಯಿಂದ ಹೊರಡುವವರೆಗೂ ಎದುರು ರಸ್ತೆಯ ದೀಪದ ಕಂಬದ ಕೆಳಗೆ ನಿಂತು ಕಿಟಕಿಯನ್ನೇ ನೋಡುತ್ತಿರುತ್ತಿದ್ದ. ಚಿಕ್ಕ ಮೇಡಂ ಪರದೆ ಎಳೆಯಲು ಹೋದಾಗಲೆಲ್ಲ ಅವನ ಕಣ್ಣಿಗೆ ಕಣ್ಣು ಸಿಗುತ್ತಿತ್ತು. ಎಳೆಯಲೂ ಆಗದು, ನಿಲ್ಲಲೂ ಆಗದು.

ಒಂದು ಸಂಜೆ ಕರೆಂಟ್ ಹೋಯಿತು. ಅವಳು ಒಬ್ಬಳೇ ಮೆಟ್ಟಿಲಿಳಿಯುತ್ತಿದ್ದಳು. ಕತ್ತಲಲ್ಲಿ ಕಾಲು ಜಾರಿತು. ಕೂಗುವಷ್ಟರಲ್ಲಿ ಒಂದು ಕೈ ಅವಳ ಮೊಣಕೈ ಹಿಡಿದು ನಿಲ್ಲಿಸಿತ್ತು.

"ಓಡಬೇಡಿ. ಎಡಗೈ ಗೋಡೆ ಮೇಲಿಡಿ. ಗೋಡೆ ಬಿಡಬೇಡಿ, ಅದೇ ಕರ್ಕೊಂಡು ಹೋಗುತ್ತೆ."

ಅವನ ದನಿ! ಅವಳು ಏದುಸಿರು ಬಿಡುತ್ತಾ ಗೋಡೆ ಸವರಿಕೊಂಡು ಇಳಿದಳು. ಅವನು ಒಂದು ಮೆಟ್ಟಿಲು ಮುಂದೆಯೇ ಇದ್ದ. ಕತ್ತಲಲ್ಲಿ ಒಮ್ಮೆಯೂ ತಡವರಿಸಲಿಲ್ಲ. ಈ ಮೆಟ್ಟಿಲು ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ಕೇಳಿದಳು. ಮೊದಲ ದಿನವೇ ನೋಡಿಟ್ಟುಕೊಂಡೆ ಎಂದ.

ಯಾಕೆ ನೋಡಿಟ್ಟುಕೊಂಡ? ಮನೆಗೆ ಹೋಗಿ ಚಿಲಕ ಹಾಕಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಬಂದು ನೋಡಿದಳು. ಆದರೆ ಮೊಣಕೈಯ ಮೇಲೆ ಆ ಬೆರಳುಗಳ ಬಿಸಿ ಹಾಗೇ ಉಳಿದಿತ್ತು. ನಾಚಿಕೆಯಾಯಿತು. 'ಥೂ, ಹೆದರಬೇಕಾದವನನ್ನು ನೆನೆದು ಬೆಚ್ಚಗಾಗುವವಳು ನಾನೊಬ್ಬಳೇ ಇರಬೇಕು.'

ಅವಳ ಭಯಕ್ಕೆ ಬೇರೊಂದು ಬೇರೂ ಇತ್ತು. ಅವಳ ಅಣ್ಣನೂ ಹೀಗೇ ಬೇಡ ಎಂದವನೇ. ಹೆಣ್ಣುಮಕ್ಕಳು ಕಣ್ಣೆದುರಿಗಿದ್ದರೆ ಚೆಂದ ಎಂದು ಅವಳಿಗೆ ಬಂದ ಸೀಟು ಬಿಡಿಸಿದ್ದ. ಹಗಲು ದುಡಿದು, ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಾ ಅವಳು ಓದು ಮುಗಿಸಿದ್ದಳು. ಈಗಲೂ ಯಾರಿಗಾದರೂ ಸಲಹೆ ಕೊಟ್ಟ ಮೇಲೆ, ಸರಿ ಹೇಳಿದೆನೋ ಇಲ್ಲವೋ ಎಂದು ಹತ್ತು ಸಲ ಯೋಚಿಸುವ ಜೀವ ಅದು.

ಆದರೆ ಅಂದು ಚೂಟಿ ಮೇಜಿನ ಮೇಲೆ ತಲೆಯಿಟ್ಟು ಅತ್ತಾಗ ಒಂದು ಸಲವೂ ಯೋಚಿಸಲಿಲ್ಲ.

"ಮಾಮ ನನ್ನ ಎಲ್ಲೂ ಬಿಡಲ್ಲ ಮೇಡಂ," ಎಂದು ಹುಡುಗಿ ಬಿಕ್ಕಿದಳು. "ಅಮ್ಮ ಇದ್ದಿದ್ರೆ ಬಿಡ್ತಿದ್ದಳು."

ಅಲ್ಲಿಗೆ ಮೊದಲ ಕಟ್ಟಳೆ ಮುರಿಯಿತು. ಉಳಿದಿದ್ದ ಒಂದೇ ಕಾಲೇಜಿಗೆ, ಎಲ್ಲಕ್ಕಿಂತ ದೂರದ, ಕಡಲ ದಂಡೆಯ ಕಾಲೇಜಿಗೆ, ಇನ್ಸ್‌ಪೆಕ್ಟರಿಗೆ ತಿಳಿಸದೆ ಚೂಟಿಯ ಅರ್ಜಿ ಹೋಯಿತು. ಕಳಿಸಿದವಳು ಚಿಕ್ಕ ಮೇಡಂ. ಸೀಟು ಸಿಕ್ಕಿದ ಮೇಲೆ ಹೇಳಿ ಒಪ್ಪಿಸಿದರಾಯಿತು ಎಂದುಕೊಂಡಳು. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ.

*

ಸೀಟು ಸಿಕ್ಕಿತು. ಆದರೆ ಅವಳು ಹೇಳುವ ಮೊದಲೇ ಕಾಲೇಜಿನವರು ಪೋಷಕರಿಗೆ ಫೋನ್ ಮಾಡಿಬಿಟ್ಟಿದ್ದರು. ಇಂಥ ದಿನ ಬಂದು ಕಾಲೇಜು, ಹಾಸ್ಟೆಲ್ ನೋಡಿ, ಅಂದು ಸಂಜೆಯೊಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಅವನು ಕಚೇರಿಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. ಆ ಒಂದೇ ದಾರಿಯನ್ನು ತುಂಬಿಕೊಂಡು ನಿಂತವನನ್ನು ಕಂಡು ಅವಳು ಕುರ್ಚಿಯಿಂದ ಎದ್ದಳು.

"ನನ್ನ ಕೇಳಬಹುದಿತ್ತು ನೀವು."

"ಕೇಳಿದ್ದೆ ಸರ್. ಮೂರು ಸಲ. ನೀವು ಕಾರಣ ಹೇಳಲಿಲ್ಲ."

"ಹಾಗಾದ್ರೆ ನನ್ನ ಏನು ಅಂದ್ಕೊಂಡಿದೀರಿ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಆಗಲಿಲ್ಲ. "ಗೊತ್ತಿಲ್ಲ. ಭಯ ಆಗುತ್ತೆ."

"ನನ್ನ ಕಂಡ್ರಾ?"

"ಹೌದು."

ಅವನು ಸಿಟ್ಟಾಗಲಿಲ್ಲ. ತುಂಬಾ ದಣಿದವನಂತೆ ಚೌಕಟ್ಟಿಗೆ ಒರಗಿದ. "ನನಗೂ ಭಯನೇ ಆಗ್ತಿರೋದು," ಎಂದ. ಆಮೇಲೆ, ಕಾಲೇಜು ನೋಡುವ ದಿನ ತಾನೂ ಬರುವುದಾಗಿ, ಸಹಿಯ ಮಾತು ಅಲ್ಲಿಯೇ ಎಂದು ಹೇಳಿ ಹೋದ.

ಒಳಕೋಣೆಯಲ್ಲಿದ್ದ ದೊಡ್ಡ ಮೇಡಂಗೆ ಎಲ್ಲವೂ ಕೇಳಿಸಿತ್ತು. ಅವರು ಬೈಯಲಿಲ್ಲ. ಮಾಡಿದ್ದು ನೀನು, ಜೊತೆಗೆ ಹೋಗಿ ನಿಲ್ಲಬೇಕಾದವಳೂ ನೀನೇ ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

*

ಹಾಸ್ಟೆಲ್ ಚೆಂದವಿತ್ತು. ಕಿಟಕಿಗಳಲ್ಲಿ ಕಡಲ ಗಾಳಿ, ಉದ್ದನೆಯ ಕಾರಿಡಾರಿನಲ್ಲಿ ಒಗೆದ ಬಟ್ಟೆಯ ವಾಸನೆ. ಚೂಟಿ ಆಗಲೇ ತನ್ನ ಕೋಣೆ ಯಾವುದಾಗಬಹುದು ಎಂದು ಆರಿಸುತ್ತಿದ್ದಳು. ವಾರ್ಡನ್ ಹೆಮ್ಮೆಯಿಂದ ತೋರಿಸುತ್ತಾ ನಡೆದರು. ಸಂಜೆಯಾದರೆ ಎಲ್ಲ ಕಡೆ ಬೀಗ, ಒಂದು ಇರುವೆಯೂ ಹೊರಗೆ ಹೋಗುವಂತಿಲ್ಲ, ಹೆಣ್ಣುಮಕ್ಕಳ ತಂದೆತಾಯಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದರು.

ಇನ್ಸ್‌ಪೆಕ್ಟರ್ ಎಲ್ಲೂ ಕಾಣಲಿಲ್ಲ. ಕೆಳಗೇ ಎಲ್ಲೋ ಮಾಯವಾಗಿದ್ದ. ಚಿಕ್ಕ ಮೇಡಂಗೆ ಮೈಯೆಲ್ಲ ಕಿವಿಯಾಯಿತು.

ಮೇಲಿನ ಮಹಡಿಯ ಕೊನೆಗೆ ಬೆಳಕು ಕಡಿಮೆ. ಹಿಂದಿನ ಮೆಟ್ಟಿಲಿಗೆ ಕಬ್ಬಿಣದ ಸರಳಿನ ಗೇಟು, ಗೇಟಿಗೆ ಸರಪಳಿ, ಸರಪಳಿಗೆ ಮುಷ್ಟಿಗಾತ್ರದ ಬೀಗ. ಆ ಸರಳುಗಳ ಆಚೆ, ಮಬ್ಬಿನಲ್ಲಿ, ಒಂದು ಮುಖ.

ಚೂಟಿ ಚೀರಿದಳು.

ಅವನೇ. ಹಿಂದಿನ ಮೆಟ್ಟಿಲು ಹತ್ತಿ ಬಂದು ಸರಳು ಹಿಡಿದು ನಿಂತಿದ್ದ.

"ಇದರ ಕೀ ಎಲ್ಲಿ?" ಎಂದು ಮೆಲ್ಲಗೆ ಕೇಳಿದ.

ವಾರ್ಡನ್ ಕೆಲಸದವಳನ್ನು ಓಡಿಸಿದರು. ಅವಳು ಹೋದಳು. ಬರಲಿಲ್ಲ. ಬಂದಳು, ಕೀ ಕಾವಲುಗಾರನ ಹತ್ತಿರ ಇದೆ ಎಂದಳು. ಕಾವಲುಗಾರ ಎಲ್ಲಿ? ಊಟಕ್ಕೆ ಹೋಗಿದ್ದಾನೆ. ಮತ್ತೆ ಯಾರೋ ಓಡಿದರು. ಸರಳು ಹಿಡಿದ ಅವನ ಬೆರಳುಗಳು ಬೆಳ್ಳಗಾಗುವುದನ್ನು ಚಿಕ್ಕ ಮೇಡಂ ನೋಡುತ್ತಲೇ ಇದ್ದಳು. ಈಗ, ಈ ಕ್ಷಣ, ಹಿಂದಿನಿಂದ ಏನಾದರೂ ಬಂದರೆ... ಎಂಬ ಯೋಚನೆ ತಾನಾಗಿಯೇ ಬಂತು. ಅವಳಿಗೆ ಒಮ್ಮೆಲೇ ಎಲ್ಲವೂ ತಿಳಿದಂತಾಯಿತು.

"ಅಕ್ಕನೂ ಹೀಗೇ ಕಾದಿದ್ದಳು," ಎಂದ ಅವನು. "ಜ್ವರ ಅಲ್ಲ ಚೂಟಿ. ನಿಮ್ಮಮ್ಮ ಹೋಗಿದ್ದು ಜ್ವರದಿಂದ ಅಲ್ಲ."

ಮಗುವನ್ನು ತವರಲ್ಲಿ ಬಿಟ್ಟು ಅಕ್ಕ ಟೀಚರ್ ತರಬೇತಿಗೆ ಸೇರಿದ್ದಳು. ಹಾಸ್ಟೆಲಿನಲ್ಲಿ ಬೆಂಕಿ ಬಿತ್ತು. ಹಿಂದಿನ ಮೆಟ್ಟಿಲಿಗೆ ಹೀಗೇ ಗೇಟು, ಹೀಗೇ ಬೀಗ, ಹೆಣ್ಣುಮಕ್ಕಳ ಕ್ಷೇಮಕ್ಕೆಂದು ಹಾಕಿದ್ದು. ಕೀ ಇದ್ದವನು ಊಟಕ್ಕೆ ಹೋಗಿದ್ದ. ಮೀಸೆ ಚಿಗುರುವ ವಯಸ್ಸಿನ ತಮ್ಮ, ಸುದ್ದಿ ಕೇಳಿ ಓಡಿಹೋದವನು, ಮಾರನೆಯ ದಿನ ಆ ಗೇಟನ್ನು ಕಣ್ಣಾರೆ ನೋಡಿದ್ದ.

"ಹೊರಡೋ ದಿನ ಅಂದಿದ್ದಳು, ಐದು ವರ್ಷ ತಡಿಯೋ, ನಾನು, ನನ್ನ ಮಗು, ನೀನು, ಅಮ್ಮ, ಎಲ್ಲಾ ಒಂದೇ ಮನೇಲಿರ್ತೀವಿ ಅಂತ." ಅವನು ಚಿಕ್ಕ ಮೇಡಂ ಕಡೆ ನೋಡಿದ. "ನೀವು ಅವತ್ತು ಕೇಳಿದ್ರಲ್ಲ. ಉತ್ತರ ಹೇಳಿದ್ದು ಚೂಟಿಯಾಗಿ ಅಲ್ಲ. ಅಕ್ಕನಾಗಿ."

ಬೇಡ ಎಂದ ಒಂದೊಂದು ಕಾಲೇಜಿಗೂ ಅವನು ರಜೆ ಹಾಕಿ, ಬಸ್ಸಿನಲ್ಲಿ ಹೋಗಿ, ಹಾಸ್ಟೆಲಿನ ಹಿಂದಿನ ಮೆಟ್ಟಿಲು ನೋಡಿ ಬಂದಿದ್ದ. ಎಲ್ಲ ಕಡೆ ಬೀಗ ಕಂಡಿದ್ದ. ಕಾರಣ ಹೇಳಿದರೆ ಚೂಟಿಗೆ ಅವಳ ಅಮ್ಮನ ಸಾವಿನ ನಿಜವನ್ನೂ ಹೇಳಬೇಕಾಗುತ್ತಿತ್ತು.

ಚೂಟಿ ಅಳಲಿಲ್ಲ. ಅವನ ಕಡೆ ನೋಡಲೂ ಇಲ್ಲ. ತಿರುಗಿ, ಕಾರಿಡಾರಿನ ಉದ್ದಕ್ಕೂ ನಡೆದು, ಕೆಳಗಿಳಿದು ಹೋದಳು.

*

ಕೆಳಗೆ, ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ, ಮಾವ ಒಂದು ಮೂಲೆ, ಸೊಸೆ ಒಂದು ಮೂಲೆ. ಮೇಜಿನ ಮೇಲೆ ಸಹಿಯಾಗದ ಹಾಳೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ಇಷ್ಟು ವರ್ಷ ಸುಳ್ಳು ಹೇಳಿದವನ ಜೊತೆ ತನಗೆ ಮಾತಿಲ್ಲ, ಸೀಟೂ ಬೇಡ, ಏನೂ ಬೇಡ ಎಂದು ಹುಡುಗಿ ಗೋಡೆಗೆ ಹೇಳುತ್ತಿದ್ದಳು.

ಈ ಗಂಟು ಹಾಕಿದ್ದರಲ್ಲಿ ತನ್ನ ಕೈಯೂ ಇತ್ತು ಎಂದು ಚಿಕ್ಕ ಮೇಡಂಗೆ ಗೊತ್ತಿತ್ತು. ಬಿಚ್ಚಲು ಅವಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಅವನ ಎದುರಿನ ಖಾಲಿ ಕುರ್ಚಿಯನ್ನು ಕೋಣೆಯ ನಡುವೆ ಎಳೆದಳು.

"ಚೂಟಿ, ಕುರ್ಚಿ ಬದಲು. ನೀನೀಗ ಮಾಮ."

ತುಂಬಾ ಹೊತ್ತು ಹುಡುಗಿ ಕದಲಲಿಲ್ಲ. ಆಮೇಲೆ ಬಂದು ಕೂತಳು. ಅರ್ಧ ತಿರುಗಿ, ಬಾಗಿಲ ಕಡೆ ಮುಖ ಮಾಡಿ, ಥೇಟ್ ಅವನ ಹಾಗೆ. ತಾನು ಹಾಗೆ ಕೂತಿದ್ದು ಅವಳಿಗೇ ಹೊಳೆಯಿತು.

"ಅಕ್ಕನ ಮಗಳಿಗೆ ಯಾಕೆ ಸುಳ್ಳು ಹೇಳಿದ್ರಿ ಸರ್?"

"ಅವಳು ಚಿಕ್ಕವಳಿದ್ದಳು..." ಚೂಟಿ ನಿಲ್ಲಿಸಿದಳು. "ಬಾಗಿಲು ಕಂಡ್ರೆ ಹೆದರೋಕೆ ಮನೇಲಿ ನಾನೊಬ್ಬ ಸಾಕು ಅನ್ನಿಸ್ತು."

ಮೂಲೆಯಲ್ಲಿ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಈಗ ಏನು ಮಾಡ್ತೀರಿ?"

"ಸಹಿ ಹಾಕ್ತೀನಿ," ಎಂದಳು ಚೂಟಿ. ಕಣ್ಣೀರು ಈಗ ಧಾರಾಕಾರ. "ಮೊದಲು ಆ ಬೀಗ ತೆಗೆಸ್ತೀನಿ. ನನ್ನ ಕೆಲಸನೇ ಅದಲ್ವಾ."

ಆ ಸಂಜೆ ಪ್ರಿನ್ಸಿಪಾಲರ ಎದುರೇ ಸರಪಳಿ ಕತ್ತರಿಸಲಾಯಿತು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಅಗುಳಿ ಬಂತು. ಅದನ್ನು ಅವನು ತಾನೇ ತಳ್ಳಿ, ಎಳೆದು, ಮತ್ತೆ ತಳ್ಳಿ ನೋಡಿ, ಆಮೇಲೆ ಸಹಿ ಹಾಕಿದ. ಹಾಳೆ ಜಾರದಂತೆ ಹಿಡಿದಿದ್ದು ಚಿಕ್ಕ ಮೇಡಂ.

*

ಚೂಟಿ ಹಾಸ್ಟೆಲ್ ಸೇರಿದಳು. ದಿನವೂ ಬೀದಿದೀಪ ಹೊತ್ತಿಕೊಳ್ಳುವ ಹೊತ್ತಿಗೆ ಫೋನ್ ಮಾಡಬೇಕು ಎಂಬುದು ಕರಾರು.

ಒಂದು ಸಂಜೆ ದೀಪ ಹೊತ್ತಿಕೊಂಡಿತು. ಫೋನ್ ಬರಲಿಲ್ಲ.

ಅವನು ಕಚೇರಿಯ ಮೆಟ್ಟಿಲು ಹತ್ತಿ ಬಂದ. ಚೂಟಿ ಅಲ್ಲಿಗಾದರೂ ಮಾಡಿದ್ದಾಳೋ ಎಂದು ಕೇಳಿದ. ಇಲ್ಲ. ಹಾಸ್ಟೆಲಿನ ನಂಬರಿಗೂ ಉತ್ತರವಿಲ್ಲ. ದೊಡ್ಡ ಮೇಡಂ ಆಗಲೇ ಮನೆಗೆ ಹೋಗಿದ್ದರು. ಇಬ್ಬರೇ ಕೂತರು, ಮಧ್ಯೆ ಮೇಜಿನ ಮೇಲೆ ಅವನ ಫೋನ್. ಅದು ಸುಮ್ಮನಿರುವ ಸದ್ದು ಕೋಣೆಯ ತುಂಬ.

ಆಗ ಅವನ ಕಣ್ಣು ಅವಳ ಹಿಂದೆ ಹೋಯಿತು. ಬೀರು ಅಲ್ಲಿರಲಿಲ್ಲ. ಪಕ್ಕದ ಗೋಡೆಗೆ ಸರಿದಿತ್ತು. ಹಳೆಯ ಬಾಗಿಲು ತೊಳೆಸಿಕೊಂಡು, ಕೀಲಿಗೆ ಎಣ್ಣೆ ಹಾಕಿಸಿಕೊಂಡು ಅರೆತೆರೆದಿತ್ತು.

"ಯಾವಾಗ?"

"ನಾವು ಅಲ್ಲಿಂದ ಬಂದ ಮಾರನೇ ದಿನ," ಎಂದಳು ಅವಳು. ಅವನು ಆ ಬಾಗಿಲನ್ನೇ ನೋಡುತ್ತಾ ಕೂತ. ಹೀಗೇ ಬಿಟ್ಟರೆ ಭಯ ಇಬ್ಬರನ್ನೂ ನುಂಗುತ್ತದೆ ಎನ್ನಿಸಿ ಅವಳು ಎದ್ದಳು. ಕುರ್ಚಿ ಬದಲು ಮಾಡೋಣ ಎಂದಳು. ಅವಳ ಕುರ್ಚಿಯಲ್ಲಿ ಅವನು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವಳು.

ಅವನು ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದ. "ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ... ಇನ್ಸ್‌ಪೆಕ್ಟರೇ?"

"ಇದೇ ಕುರ್ಚೀಲಿ. ಬಾಗಿಲು ಕಾಯ್ತಾ." ಅವಳು ಅರೆತೆರೆದ ಬಾಗಿಲ ಕಡೆ ನೋಡಿದಳು. "ಆದ್ರೆ ಒಬ್ಬನೇ ಅಲ್ಲ."

"ಯಾರ ಜೊತೆ?"

"ಅದನ್ನ ನಿಜವಾದ ಇನ್ಸ್‌ಪೆಕ್ಟರೇ ಹೇಳಬೇಕು. ನನ್ನ ಬಾಯಿಂದ ಹೇಳಿಸಬಾರದು."

ಅವನು ಅವಳನ್ನು ನೋಡಿದ. ಆ ನಿದ್ದೆಗೆಟ್ಟ ಕಣ್ಣುಗಳಲ್ಲಿ ಏನೋ ಒಡೆದು ನೀರಾಯಿತು. ತುಟಿ ತೆರೆದ...

ಫೋನ್ ಬಡಿದುಕೊಂಡಿತು. ಇಬ್ಬರ ಕೈಯೂ ಒಟ್ಟಿಗೆ ಹೋಯಿತು, ಒಂದರ ಮೇಲೊಂದು.

"ಮಾಮ, ಬೈಬೇಡ," ಚೂಟಿಯ ಉಸಿರು ಮೇಲೆ ಕೆಳಗೆ. "ಕರೆಂಟ್ ಹೋಗಿತ್ತು, ಎಲ್ಲ ಕತ್ತಲೆ. ನೀನು ಹೇಳಿದ ಹಾಗೆ ಎಡಗೈ ಗೋಡೆ ಮೇಲಿಟ್ಕೊಂಡು ಹಿಂದಿನ ಬಾಗಿಲವರೆಗೂ ಹೋದೆ. ಎಲ್ಲಾ ಹುಡುಗೀರೂ ನನ್ನ ಹಿಂದೆ. ತಳ್ಳಿದೆ. ತೆರೀತು ಮಾಮ."

ಅವನ ಬದಲು ಚಿಕ್ಕ ಮೇಡಂ ಮಾತಾಡಿ, ಊಟ ಮಾಡು, ಮಲಗು ಎಂದು ಹೇಳಿ ಫೋನ್ ಇಟ್ಟಳು. ಅವನ ಕೈ ಇನ್ನೂ ಅವಳ ಕೈಮೇಲೇ ಇತ್ತು. ಅರೆತೆರೆದ ಬಾಗಿಲಿನಿಂದ ಹಿಂದಿನ ಮೆಟ್ಟಿಲ ತಣ್ಣನೆ ಗಾಳಿ ಒಳಗೆ ಬರುತ್ತಿತ್ತು. ಭಯ ಎಲ್ಲಿಗೂ ಹೋಗಿರಲಿಲ್ಲ. ನಾಳೆ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಮತ್ತೆ ಬರುತ್ತದೆ, ಇಬ್ಬರಿಗೂ ಗೊತ್ತಿತ್ತು.

"ಅವತ್ತಿನ ಪ್ರಶ್ನೆಗೆ ಈಗ ಉತ್ತರ ಹೇಳ್ಲಾ?" ಎಂದ.

"ಯಾರಾಗಿ?"

"ನಾನಾಗಿಯೇ."

"ಹೇಳಿ."

"ನಾನಿರ್ತೀನಿ," ಎಂದ ಅವನು. "ನೀವು ಜೊತೆಗಿದ್ರೆ."

ಅವಳು ಎಡಗೈಯನ್ನು ಅವನ ಎದೆಯ ಮೇಲಿಟ್ಟಳು. ಕತ್ತಲಲ್ಲಿ ಗೋಡೆ ಹಿಡಿದುಕೊಳ್ಳುವಂತೆ.

"ಬಿಡಲ್ಲ," ಎಂದಳು.